ಬಾಣಂತಿಯ ನೀರು

ಮೊಮ್ಮಗಳ ಬಾಣಂತನದ ಐವತ್ತೆರಡನೆಯ ದಿನ ಬಚ್ಚಲಿನ ನೀರು ಇಳಿಯದೆ ನಿಂತುಕೊಂಡಿತು. ಮುನಿಗಂಗಮ್ಮನಿಗೆ ಎಪ್ಪತ್ತು ದಾಟಿದ್ದರೂ ಬಾಣಂತಿಗೆ ನೀರು ಹಾಕುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಧನುಶ್ರೀಯ ಬೆನ್ನಿಗೆ ಎರಡು ಹಂಡೆ ಬಿಸಿನೀರು ಎರಚಿ, ಸೀಗೆಪುಡಿಯಲ್ಲಿ ತಲೆ ಉಜ್ಜಿ, ಇನ್ನೊಂದು ಚೊಂಬಿಗೆ ಬಗ್ಗಿದಾಗ ನೀರು ಅವಳ ಪಾದ ಮುಳುಗಿಸಿ ಮೇಲೇರುತ್ತಿತ್ತು. ಹಬೆಯಲ್ಲಿ ಬಾಗಿಲೆಲ್ಲಿ, ಗೋಡೆಯೆಲ್ಲಿ ಗೊತ್ತಾಗುತ್ತಿರಲಿಲ್ಲ.

"ಅಜ್ಜಿ, ಕೆರೇಲಿ ಕೂತಂಗಿದೆ," ಎಂದಳು ಧನುಶ್ರೀ, ಕಣ್ಣು ಮುಚ್ಚಿಕೊಂಡೇ.

"ಬಾಯಿ ಮುಚ್ಕೊ, ಗಾಳಿ ಹೋಗುತ್ತೆ."

ಹೊರಗೆ ಮಗು ಎತ್ತಿಕೊಂಡು ನಿಂತಿದ್ದ ಸುಕನ್ಯ ಹೊಸಿಲಿನ ಮೇಲೆ ಹರಿದುಬಂದ ನೀರನ್ನು ನೋಡಿದಳು. ಧನುಶ್ರೀಯ ತಾಯಿ ಅವಳು, ಈ ಮನೆಗೆ ಒಬ್ಬಳೇ ಸೊಸೆ. "ಅತ್ತೆ, ನೀರು ಕಪ್ಪಗಿದೆ," ಎಂದಳು. ಆಮೇಲೆ ಮೂಗು ಮುಚ್ಚಿಕೊಂಡಳು.

ದೊಮ್ಮಲೂರು ಹಳ್ಳಿ ಈಗ ಹೆಸರಿಗಷ್ಟೇ ಹಳ್ಳಿ. ಮೇಲ್ಸೇತುವೆಯ ಆಚೆ ಗಾಜಿನ ಆಫೀಸುಗಳು, ಈಚೆಯ ಗಲ್ಲಿಗಳಲ್ಲಿ ಹಳಬರ ಮನೆಗಳು. ಮುನಿಗಂಗಮ್ಮನ ಗಂಡ ಮುನಿನಾರಾಯಣಪ್ಪನದು ಅಂಥ ಒಂದು ಗಲ್ಲಿಯ ಕೊನೆಯ ಮನೆ. ರಾಗಿ, ದಂಟು, ಕೊತ್ತಂಬರಿ ಬೆಳೆದ ಕೈ ಅವನದು. ಹೊಲ ಹೋದ ಮೇಲೆ ಮನೆಯೇ ಬೆಳೆಯಿತು. ಮಗ ಕೆಂಪರಾಜ್ ಶಾಮಿಯಾನ ಅಂಗಡಿ ನಡೆಸುತ್ತ ಮೇಲೆ ಎರಡು ಮಹಡಿ ಏರಿಸಿ ಬಾಡಿಗೆಗೆ ಕೊಟ್ಟ. ಹಿಂದಿನ ಪೋರ್ಷನ್ನಿನಲ್ಲಿ ಹೊಲಿಗೆಯ ಸಾಬಿರಾ ಮತ್ತು ಅವಳ ಗಂಡ ಅಕ್ತರ್ ಬಾಡಿಗೆಗಿದ್ದರು. ಮನೆಗೂ ಹಿಂದಿನ ಪೋರ್ಷನ್ನಿಗೂ ನಡುವೆ ಒಂದು ಅಂಗಳ, ಅಂಗಳದಲ್ಲಿ ಹಳೆಯ ಬಾವಿಯನ್ನು ಮುಚ್ಚಿದ ಕಲ್ಲುಚಪ್ಪಡಿ. ಆ ಚಪ್ಪಡಿಗೆ ಮುನಿಗಂಗಮ್ಮ ದಿನಾ ಅರಿಸಿನ ಕುಂಕುಮ ಇಡುತ್ತಿದ್ದಳು, ಶುಕ್ರವಾರ ಒಂದು ಮೊಳ ಹೂವು. ಬಾವಿಯಲ್ಲಿ ನೀರಿಲ್ಲದಿದ್ದರೇನು, ಗಂಗಮ್ಮ ಎಲ್ಲಿಗೆ ಹೋಗುತ್ತಾಳೆ ಎನ್ನುತ್ತಿದ್ದಳು.

ಆ ಮಧ್ಯಾಹ್ನವೂ ಎಂದಿನಂತೆ ಮನೆ ಮಂಪರಿನಲ್ಲಿತ್ತು. ಬಾಣಂತಿ ಕೋಣೆಯಿಂದ ಸಾಂಬ್ರಾಣಿ ಹೊಗೆ, ಒಲೆಯ ಮೇಲಿಂದ ಬೆಳ್ಳುಳ್ಳಿ ಮೆಣಸಿನ ಸಾರಿನ ಘಾಟು, ಎರಡೂ ಸೇರಿಕೊಂಡು ನಡುಮನೆಯಲ್ಲಿ ತೇಲುತ್ತಿದ್ದವು. ಮುನಿನಾರಾಯಣಪ್ಪ ಜಗಲಿಯ ಚಾಪೆಯ ಮೇಲೆ ಒರಗಿದ್ದ. ಮೇಲ್ಸೇತುವೆಯ ವಾಹನಗಳ ಸದ್ದು ಅವನ ಅರೆನಿದ್ದೆಯಲ್ಲಿ ಕೆರೆಯ ತೂಬು ಎತ್ತಿದ ಸದ್ದಾಗುತ್ತಿತ್ತು. ನೀರು ಕಾಲುವೆಗೆ ಬಿತ್ತು, ಮಡಿಗೆ ತಿರುಗಿತು, ದಂಟಿನ ಬುಡ ನೆನೆಯಿತು. ಅಷ್ಟು ಹೊತ್ತಿಗೆ ವಾಸನೆ ಬಂದು ಎಚ್ಚರವಾಯಿತು. ಅವನು ಎದ್ದು ಕೂತು ಅಂಗಳದ ಚಪ್ಪಡಿಯನ್ನು ನೋಡಿದ. ಏನಾಗಿದೆಯೆಂದು ಆ ಮನೆಯಲ್ಲಿ ಅವನೊಬ್ಬನಿಗೆ ಆಗಲೇ ಗೊತ್ತಾಯಿತು, ಅವನು ಗೋಡೆಯ ಕಡೆ ತಿರುಗಿ ಮತ್ತೆ ಮಲಗಿದ.

ಮರುದಿನ ಬೆಳಿಗ್ಗೆ ಸಾಬಿರಾ ಬಕೆಟ್ ಹಿಡಿದುಕೊಂಡೇ ಬಂದಳು.

"ಅಣ್ಣಾ, ನಮ್ ಬಾತ್‌ರೂಮ್ ನೋಡ್ಬನ್ನಿ. ಕೆಳಗಿಂದ ಉಕ್ತಾ ಇದೆ. ಮೇಲ್ಗಡೆಯವ್ರು ಫ್ಲಶ್ ಮಾಡ್ದಾಗೆಲ್ಲ ನಮ್ಮನೇಲಿ ಬುಳುಬುಳು ಅಂತದೆ."

ಕೆಂಪರಾಜ್ ಇಡ್ಲಿ ತಿನ್ನುತ್ತಿದ್ದ. ತಿಂಡಿಯ ಹೊತ್ತಿನಲ್ಲಿ ಇಂಥ ಮಾತು ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? "ನೀವು ಮಾಂಸ ತೊಳ್ದಿದ್ದು, ಮೂಳೆ, ಎಲ್ಲಾ ಅಲ್ಲೇ ಬಿಡ್ತೀರಲ್ಲ, ಕಟ್ಕೊಂಡಿರುತ್ತೆ," ಎಂದ.

"ನಾವು ತಿಂತೀವಿ, ನೀವು ತಿನ್ನಲ್ವಾ? ಭಾನ್ವಾರ ನಿಮ್ಮನೆ ತಲೆಕಾಲು ಸಾರಿನ ವಾಸ್ನೆಗೆ ನಮ್ಮೆಜಮಾನ್ರು ಎರಡು ತುತ್ತು ಜಾಸ್ತಿ ಉಣ್ತಾರೆ."

ಕೋಣೆಯೊಳಗಿಂದ ಧನುಶ್ರೀ ನಕ್ಕಿದ್ದು ಕೇಳಿಸಿತು. ಸುಕನ್ಯ ಗಂಡನ ತಟ್ಟೆಗೆ ಚಟ್ನಿ ಬಡಿಸುತ್ತ, "ಸಾಬಿರಾದೇ ತಪ್ಪು ಅಂತ ಹೆಂಗೆ ಹೇಳ್ತೀರಿ? ನಮ್ ಬಚ್ಚಲೂ ನಿಂತಿದೆ. ಮೊದ್ಲು ಯಾರನ್ನಾದ್ರೂ ಕರ್ಸಿ," ಎಂದಳು.

"ಬೋರ್ಡಿಗೆ ಫೋನ್ ಮಾಡ್ತೀನಿ. ಅವ್ರ ಲೈನು, ಅವ್ರ ಕೆಲ್ಸ."

ನೀರಿನ ಬೋರ್ಡಿನವರು ಎರಡೇ ದಿನಕ್ಕೆ ಬಂದರು. ಗಲ್ಲಿಯ ಮ್ಯಾನ್‌ಹೋಲ್ ತೆಗೆದು ನೋಡಿ, ನಮ್ಮ ಲೈನು ಚೆನ್ನಾಗಿ ಹರಿಯುತ್ತಿದೆ, ಗೇಟಿನ ಒಳಗಿನದು ಮನೆಯವರ ಜವಾಬ್ದಾರಿ ಎಂದು ಹೇಳಿ ಹೋದರು. ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆಮೇಲೆ ಕೆಂಪರಾಜ್ ಹೊಸ ತಿಪ್ಪಸಂದ್ರದಿಂದ ಭಗವಂತರಾಯನನ್ನು ಕರೆಸಿದ. ಯಾದಗಿರಿ ಕಡೆಯವನು, ಪ್ಲಂಬರ್, ಮಾತಿಗಿಂತ ಮೊದಲು ಮೂಸಿ ನೋಡುವ ಅಭ್ಯಾಸದವನು. ಬಚ್ಚಲಿನಿಂದ ಉದ್ದನೆಯ ಬಿದಿರು ದಬ್ಬೆ ತೂರಿಸಿ, ಹೊರಕ್ಕೆಳೆದು, ತಲೆ ಕೆರೆದುಕೊಂಡ.

"ಕಟ್ಟಿಲ್ರಿ ಇದು. ಮುಂದ ಎಲ್ಲೋ ತುಂಬ್ಯದ. ನಿಮ್ಮ ಮನಿ ನೀರು ಕೂಡೂ ಚೇಂಬರ್ ಎಲ್ಲದ?"

"ರೋಡಲ್ಲಿ," ಎಂದ ಕೆಂಪರಾಜ್.

"ರೋಡಿಂದು ಬೋರ್ಡಿನವ್ರದು. ಮನೀದು ಕೇಳಾಕತ್ತೀನಿ."

ಅಲ್ಲಿ ನಿಂತಿದ್ದ ಯಾರಿಗೂ ಗೊತ್ತಿರಲಿಲ್ಲ. ಭಗವಂತರಾಯ ಸುಕನ್ಯಳಿಂದ ಬಟ್ಟೆಗೆ ಹಾಕುವ ನೀಲಿ ಕೇಳಿ ಇಸಿದುಕೊಂಡ. ಮೇಲಿನ ಮಹಡಿಯ ಕಕ್ಕಸಿನಲ್ಲಿ ಇಡೀ ಸೀಸೆ ಸುರಿದು ನಾಲ್ಕು ಬಕೆಟ್ ನೀರು ಹೊಯ್ದ. ಎಲ್ಲರೂ ಗಲ್ಲಿಯಲ್ಲಿ ಬಾಯಿ ತೆರೆದ ಮ್ಯಾನ್‌ಹೋಲ್ ಸುತ್ತ ನಿಂತರು. ಸುಕನ್ಯ, ಸಾಬಿರಾ, ಕೆಂಪರಾಜ್, ಎದುರು ಮನೆಯವರು, ಸೊಪ್ಪಿನ ಗಾಡಿಯವನು. ಬಿಸಿಲು ಹಿತವಾಗಿತ್ತು. ಕೆಳಗೆ ಊರ ನೀರೆಲ್ಲ ಬೂದು ಬಣ್ಣದಲ್ಲಿ ತಣ್ಣಗೆ ಹರಿದುಹೋಗುತ್ತಿತ್ತು, ಮಧ್ಯೆ ಮಧ್ಯೆ ಸೋಪಿನ ನೊರೆ, ಒಂದು ಕನಕಾಂಬರದ ಎಸಳು. ಅರ್ಧ ಗಂಟೆ ನೋಡಿದರು. ನೀಲಿ ಬರಲಿಲ್ಲ.

"ನಿಮ್ಮ ಮನಿ ನೀರು ಈ ಲೈನಿಗೆ ಸೇರೇ ಇಲ್ರಿ," ಎಂದ ಭಗವಂತರಾಯ. "ಇಷ್ಟು ವರ್ಷ ಎಲ್ಲಿಗೆ ಹೋಗ್ತಿತ್ತು?"

ಕೆಂಪರಾಜ್ ಅಪ್ಪನ ಕಡೆ ತಿರುಗಿದ. ಮುನಿನಾರಾಯಣಪ್ಪ ಗೇಟಿನ ಒಳಗೇ ನಿಂತಿದ್ದ.

"ಅಪ್ಪ, ರೋಡಲ್ಲಿ ಲೈನ್ ಹಾಕ್ದಾಗ ನಮ್ದೂ ಸೇರ್ಸಿದೀನಿ ಅಂದಿದ್ದೆ ನೀನು."

"ಸೇರ್ಸಿದ್ದೆ ಅನ್ಸುತ್ತೆ. ನೆನಪಿಲ್ಲ ಕಣಪ್ಪ."

ಅರವತ್ತು ವರ್ಷದ ಹಿಂದಿನ ಹೊಲದ ಬದು ನೆನಪಿರುವ ಮನುಷ್ಯನಿಗೆ ಇದೊಂದು ಮರೆತಿತ್ತು. ಕೆಂಪರಾಜ್ ನಂಬಿದ. ವಯಸ್ಸಾದವರ ಮೇಲೆ ನಮಗಿರುವ ಮರ್ಯಾದೆ ಎಷ್ಟೋ ಸಲ ಅವರಿಗೇ ಮುಳುವಾಗುತ್ತದೆ.

ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಮುನಿಗಂಗಮ್ಮ ಗಂಡನ ತಟ್ಟೆಗೆ ಮುದ್ದೆ ಇಟ್ಟು, ನಡುವೆ ಗುಳಿ ಮಾಡಿ ತುಪ್ಪ ಬಿಟ್ಟಳು. ಬೇರೆಯವರಿಗೆ ಯಾರು ಬಡಿಸಿದರೂ ಸರಿ, ಗಂಡನಿಗೆ ಮಾತ್ರ ಅವಳ ಕೈಯಿಂದಲೇ ಆಗಬೇಕು. ಬಡಿಸುತ್ತಲೇ ಹೇಳಿದಳು.

"ನಂಗೆ ಗೊತ್ತಾಯ್ತು ಯಾಕೆ ಹಿಂಗಾಗಿದೆ ಅಂತ. ಮದ್ಯಾನ ಕನ್ಸಲ್ಲಿ ಗಂಗಮ್ಮ ಬಂದಿದ್ಲು. ಹಸಿರು ಸೀರೆ. ಚಪ್ಪಡಿ ಮೇಲೆ ಕೂತು, ಬಾಣಂತೀನ ಕರ್ಕೊಂಬಾ ಅಂದ್ಲು. ಇನ್ನೇನು ಮೂರನೇ ತಿಂಗ್ಳಿಗೆ ಬೀಳುತ್ತಲ್ಲ, ಗಂಗೆ ಪೂಜೆ ಇನ್ನೂ ಮಾಡ್ಸಿಲ್ಲ. ಅದ್ಕೆ ನೀರು ಮೇಲಕ್ಕೆ ಬರ್ತಿದೆ."

"ಕನ್ಸು ಕಂಡು ಪೈಪ್ ಸರಿ ಹೋಗಲ್ಲಮ್ಮ," ಎಂದ ಕೆಂಪರಾಜ್.

"ನಿನ್ನ ನೀಲಿ ಹಾಕಿ ಸರಿ ಹೋಯ್ತಾ? ಇನ್ನು ಎರಡು ಶುಕ್ರವಾರ ಬಿಟ್ಟು ಮೂರನೇದಕ್ಕೆ ಮಾಡೋದೇ. ನಂಟ್ರಿಗೆ ಹೇಳ್ಬಿಡು."

ಮುನಿನಾರಾಯಣಪ್ಪ ಮುರಿದ ಮುದ್ದೆಯನ್ನು ತಿರುಗಿ ತಟ್ಟೆಗೇ ಹಾಕಿದ. "ಐದನೇ ತಿಂಗ್ಳಿಗೆ ಮಾಡಣ," ಎಂದ.

"ಯಾಕೆ?"

"ಮಗೀಗೆ ಬಿಸ್ಲು."

"ಬಿಸ್ಲು ಐದನೇ ತಿಂಗ್ಳಿಗೆ ಜಾಸ್ತಿಯಾಗುತ್ತೆ ಕಣಯ್ಯ, ಕಮ್ಮಿ ಆಗುತ್ತಾ?"

ನಿಜವಾದ ಕಾರಣವನ್ನು ಅವನು ಇಪ್ಪತ್ತೈದು ವರ್ಷದಿಂದ ನುಂಗಿಕೊಂಡಿದ್ದ.

ಸುಕನ್ಯ ಸೊಸೆಯಾಗಿ ಬಂದ ವರ್ಷ ಆ ಮನೆಯಲ್ಲಿ ಕಕ್ಕಸಿರಲಿಲ್ಲ. ಗಲ್ಲಿಗೆ ಒಳಚರಂಡಿಯೂ ಬಂದಿರಲಿಲ್ಲ. ಹೆಂಗಸರು ನಸುಕಿಗೆ ಮುಂಚೆ ಚೊಂಬು ಹಿಡಿದು ಸೌದೆ ಡಿಪೋದ ಹಿಂದಿನ ಬಯಲಿಗೆ ಹೋಗಬೇಕಿತ್ತು. ಒಂದು ದಿನ ಆ ಹುಡುಗಿ ಅಲ್ಲಿಂದ ಅಳುತ್ತ ಬಂದದ್ದನ್ನು ಮುನಿನಾರಾಯಣಪ್ಪ ನೋಡಿದ. ಯಾರೋ ಟಾರ್ಚು ಬಿಟ್ಟಿದ್ದರು. ಅದೇ ತಿಂಗಳು ಮುನಿಗಂಗಮ್ಮ ಹೊಸಕೋಟೆ ಹತ್ತಿರದ ತಂಗಿಯ ಮನೆಗೆ ಹದಿನೈದು ದಿನ ಹೋಗಿದ್ದಳು. ಕೆಂಪರಾಜ್ ಮದುವೆ ಸೀಸನ್ನಿನ ಕೆಲಸದಲ್ಲಿ ಮನೆಗೇ ಬರುತ್ತಿರಲಿಲ್ಲ. ಬಾವಿ ಬತ್ತಿ ಮೂರು ವರ್ಷವಾಗಿತ್ತು. ಕಕ್ಕಸು ಕಟ್ಟಲು ಮುನಿನಾರಾಯಣಪ್ಪ ಕರೆಸಿದ ಗಾರೆಯವನು ಬಗ್ಗಿ ನೋಡಿ, ಬೇರೆ ಗುಂಡಿ ಯಾಕೆ, ಇದಕ್ಕೇ ಬಿಟ್ಟುಬಿಡೋಣ ಎಂದ. ಬಿಟ್ಟರು. ಚಪ್ಪಡಿ ಎಳೆದರು. ಗಾರೆ ಆಳುಗಳಿದ್ದಷ್ಟು ದಿನ ಹೊಸ ಸೊಸೆ ಅಂಗಳಕ್ಕೆ ಕಾಲಿಡಲಿಲ್ಲ. ಹೆಂಡತಿ ವಾಪಸು ಬಂದಾಗ ಮಕ್ಕಳು ಬೀಳಬಾರದು ಅಂತ ಬಾವಿ ಮುಚ್ಚಿಸಿದೆ ಎಂದ. ಅವಳು ಮಾರನೆಯ ಬೆಳಿಗ್ಗೆ ಮಿಂದು, ಒದ್ದೆ ಕೂದಲಲ್ಲೇ ಬಂದು, ಚಪ್ಪಡಿಗೆ ಅರಿಸಿನ ಹಚ್ಚಿ ಅಡ್ಡಬಿದ್ದಳು. ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ವರ್ಷ ಹಸುಗೂಸು ಧನುಶ್ರೀಯನ್ನು ಎತ್ತಿಕೊಂಡು ಸುಕನ್ಯ ಅದೇ ಕಲ್ಲಿಗೆ ಗಂಗೆ ಪೂಜೆ ಮಾಡಿದಳು. ಆಮೇಲೆ ಗಲ್ಲಿಗೆ ಲೈನು ಬಂದಾಗ, ಸೇರಿಸಬೇಕಾದರೆ ಚಪ್ಪಡಿ ತೆಗೆಯಬೇಕಲ್ಲ ಎಂದು ಹೆದರಿ, ಸೇರಿಸಿದ್ದಾಯಿತು ಎಂದು ಆಗಲೂ ಸುಳ್ಳು ಹೇಳಿದ. ಪಾಪದ ಮನುಷ್ಯ, ಒಂದು ಒಳ್ಳೆಯ ಕೆಲಸ ಮಾಡಲು ಹೋಗಿ ಅದರ ಮೇಲೆ ತಾನೇ ಕಲ್ಲು ಹೇರಿಕೊಂಡಿದ್ದ.

ಮುಂದಿನ ಎರಡು ವಾರ ಆ ಮನೆ ಬಕೆಟ್ಟುಗಳ ಮೇಲೆ ನಡೆಯಿತು. ಬಾಣಂತಿಯ ಸ್ನಾನದ ನೀರನ್ನು ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಹಿಡಿದು, ಸುಕನ್ಯ ಮತ್ತು ಸಾಬಿರಾ ಒಂದೊಂದು ಕಿವಿ ಹಿಡಿದುಕೊಂಡು ಗಲ್ಲಿಯ ಮ್ಯಾನ್‌ಹೋಲಿಗೆ ಹೊಯ್ದು ಬರುವರು. ಮೇಲಿನ ಮಹಡಿಯವರು ಸ್ನಾನಕ್ಕೆ ನೆಂಟರ ಮನೆಗೆ ಹೋದರು. ಭಗವಂತರಾಯ ದಿನ ಬಿಟ್ಟು ದಿನ ಬಂದು ಅಲ್ಲಲ್ಲಿ ಅಗೆದ. ಅಗೆದಲ್ಲೆಲ್ಲ ಕೆಂಪು ಮಣ್ಣು ಬಂತು, ಹಳೆಯ ಹೆಂಚಿನ ಚೂರು ಬಂತು, ಒಂದು ಕುಡುಗೋಲಿನ ತುಕ್ಕು ಅಲಗು ಬಂತು. ಪೈಪು ಅಂಗಳದ ಕಡೆಗೆ ಹೋಗಿ ಮಾಯವಾಗುತ್ತಿತ್ತು.

"ಆ ಕಲ್ಲು ಸರಿಸಿ ನೋಡೂಣಲ್ರಿ?" ಎಂದು ಅವನು ಒಮ್ಮೆ ಕೇಳಿದ.

"ಅದು ದೇವ್ರು. ಮುಟ್ಟಕೂಡದು," ಎಂದಳು ಮುನಿಗಂಗಮ್ಮ.

ಸುಕನ್ಯಳಿಗೆ ರೇಗಿತು. ಅಂಗೈಯಲ್ಲಿ ಬಕೆಟ್ಟಿನ ಬರೆ ಎದ್ದಿತ್ತು. "ಮಗೂಗೆ ವಾಂತಿ ಭೇದಿ ಆದ್ರೆ ಆ ದೇವ್ರು ನೋಡ್ಕೊಳುತ್ತಾ ಅತ್ತೆ?"

"ಶುಕ್ರವಾರ ಪೂಜೆ ಆಗ್ಲಿ. ಆಮೇಲೆ ನೀರು ತಾನಾಗೇ ಇಳೀದಿದ್ರೆ ನನ್ನ ಕೇಳು."

ಮುನಿನಾರಾಯಣಪ್ಪ ಊಟ ಕಡಿಮೆ ಮಾಡಿದ. ಮಧ್ಯಾಹ್ನ ಚಾಪೆಯ ಮೇಲೆ ಕಣ್ಣು ಮುಚ್ಚಿದರೆ ಈಗ ತೂಬಿನ ಸದ್ದು ಬರುತ್ತಿರಲಿಲ್ಲ. ಹಸಿರು ಸೀರೆಯ ಹೆಂಗಸೊಬ್ಬಳು ಚಪ್ಪಡಿಯ ಮೇಲೆ ಬೆನ್ನು ತಿರುಗಿಸಿ ಕೂತಿರುವಳು. ಹತ್ತಿರ ಹೋದರೆ ಅದು ಮುನಿಗಂಗಮ್ಮನೇ. ಕೂದಲು ಒದ್ದೆ, ಇಪ್ಪತ್ತೈದು ವರ್ಷ ಚಿಕ್ಕವಳು. ಅವನಿಗೆ ಹೆಂಡತಿಯ ಭಯವಿರಲಿಲ್ಲ, ಅವಳ ಅಷ್ಟು ವರ್ಷದ ನಮಸ್ಕಾರಗಳ ಭಯವಿತ್ತು.

ಶುಕ್ರವಾರ ಬೆಳಗಾಯಿತು. ಅಂಗಳ ತೊಳೆದು ರಂಗೋಲಿ ಬಿಟ್ಟಿದ್ದರು. ಕೆಂಪರಾಜ್ ತನ್ನ ಅಂಗಡಿಯ ಹಳದಿ ಶಾಮಿಯಾನ ಎಳೆದಿದ್ದರಿಂದ ಬೆಳಕೆಲ್ಲ ಅರಿಸಿನದ ನೀರಿನ ಬಣ್ಣವಾಗಿತ್ತು. ವಾಸನೆಗೆ ಎಂದು ಊದುಬತ್ತಿಯ ಇಡೀ ಕಟ್ಟು ಹಚ್ಚಿದ್ದರು. ಧನುಶ್ರೀ ಹಸಿರು ಸೀರೆಯುಟ್ಟು, ತಲೆಗೆ ಸೆರಗು ಸುತ್ತಿ, ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಮಗು ಸುಕನ್ಯಳ ತೋಳಿನಲ್ಲಿ ನಿದ್ದೆ ಹೋಗಿತ್ತು. ನೆಂಟರ ಹೆಂಗಸರು ದಾರಿ ಬಿಟ್ಟರು.

ಚಪ್ಪಡಿಯ ಮೇಲೆ ಮುನಿನಾರಾಯಣಪ್ಪ ಕೂತಿದ್ದ.

"ಏಳಯ್ಯ, ಹೊತ್ತಾಯ್ತು," ಎಂದಳು ಮುನಿಗಂಗಮ್ಮ.

"ಏಳಲ್ಲ."

"ತಲೆ ಗಿಲೆ ಸುತ್ತುತ್ತಾ? ಕೆಂಪ, ನೋಡೋ ಅಪ್ಪನ್ನ."

"ಚೆನ್ನಾಗಿದೀನಿ. ಧನು, ತಟ್ಟೆ ಒಳಗಿಡಮ್ಮ. ಈ ಕಲ್ಲಿಗೆ ನೀನು ಕೈ ಮುಗೀಬೇಡ." ಅವನು ಎರಡು ಅಂಗೈಗಳನ್ನೂ ಕಲ್ಲಿಗೆ ಒತ್ತಿ ಹಿಡಿದು ಹೆಂಡತಿಯ ಕಡೆ ತಿರುಗಿದ. "ಇದ್ರೊಳಗೆ ಗಂಗಮ್ಮ ಇಲ್ಲ. ಕಕ್ಕಸಿನ ಗುಂಡಿ ಇದೆ. ನಾನೇ ಬಿಡ್ಸಿದ್ದು, ನೀನು ತಂಗಿ ಮನೆಗೆ ಹೋಗಿದ್ದಾಗ."

ಸಾಬಿರಾ ತನ್ನ ಬಾಗಿಲಲ್ಲಿ ನಿಂತವಳು ದುಪಟ್ಟಾ ಬಾಯಿಗಿಟ್ಟುಕೊಂಡಳು.

ಮುನಿಗಂಗಮ್ಮ ನಿಧಾನವಾಗಿ ಕೇಳಿದಳು. "ಸುಕನ್ಯನ ಕೈಲಿ ಇಲ್ಲೇ ಪೂಜೆ ಮಾಡಿಸ್ದೆ. ನೀನು ಪಕ್ಕದಲ್ಲಿದ್ದೆ."

"ಇದ್ದೆ."

"ನಾನು ದಿನಾ ಅರಿಸ್ನ ಕುಂಕ್ಮ ಇಡ್ತಿದ್ನಲ್ಲ, ನೀನು ನೋಡ್ತಿದ್ದೆ."

"ನೋಡ್ತಿದ್ದೆ."

"ನೀನೂ ಕೈ ಮುಗೀತಿದ್ದೆ."

"ಮುಗೀತಿದ್ದೆ."

ಅವಳು ಮೊಮ್ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ನೆಂಟರು ಹೋಳಿಗೆ ತಿಂದು ತಲೆ ತಗ್ಗಿಸಿಕೊಂಡು ಹೋದರು.

ಆವತ್ತಿನಿಂದ ಅವಳು ಗಂಡನೊಂದಿಗೆ ಮಾತು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿರಲಿಲ್ಲ. ಮುದ್ದೆಯ ಪಾತ್ರೆಯನ್ನು ನಡುಮನೆಯಲ್ಲಿಟ್ಟು ಎದ್ದುಹೋಗುವಳು. ಐವತ್ತು ವರ್ಷದಿಂದ ತಾನೇ ಬಡಿಸಿಕೊಂಡು ಗೊತ್ತಿಲ್ಲದ ಮುನಿನಾರಾಯಣಪ್ಪ ಸಾರಿನ ಸೌಟು ಹಿಡಿದು ಎಷ್ಟು ಹಾಕಿಕೊಳ್ಳಬೇಕೆಂದು ತಿಳಿಯದೆ ಕೂತಿರುವನು.

ಇತ್ತ ಕೆಲಸ ಶುರುವಾಯಿತು. ಕೆಂಪರಾಜ್ ಮೊದಲು ಅಪ್ಪನ ಮೇಲೆ ಕೂಗಾಡಿದ. ಆಮೇಲೆ ಸಾಬಿರಾಳ ಬಾಗಿಲಿಗೆ ಹೋಗಿ, "ಮೂಳೆ ಗೀಳೆ ಅಂದ್ಬಿಟ್ಟೆ, ಮನ್ಸಲ್ಲಿಟ್ಕೋಬೇಡಿ," ಎಂದ. "ಭಾನ್ವಾರ ಒಂದ್ ಬಟ್ಲು ಸಾರು ಕಳ್ಸಿ, ಮರೀತೀನಿ," ಎಂದಳು ಅವಳು. ಇಬ್ಬರು ಆಳುಗಳನ್ನು ಗುಂಡಿಗೆ ಇಳಿಸಿ ಒಂದೇ ದಿನಕ್ಕೆ ಬಳಿಸಿಬಿಡೋಣ ಎಂದು ಅವನು ಹೇಳಿದಾಗ ಭಗವಂತರಾಯ ತನ್ನ ಸಾಮಾನು ಚೀಲ ಕಟ್ಟತೊಡಗಿದ.

"ಮನಶ್ಯಾನ್ನ ಇಳಸೂದು ಕಾನೂನಿನಾಗ ಇಲ್ರಿ. ನನ್ನ ಮನಸಿನಾಗೂ ಇಲ್ಲ. ನಮ್ಮೂರಾಂವ ಒಬ್ಬ ಹಂಗ ಇಳದಾಂವ ಮತ್ತ ಮ್ಯಾಲ ಬರಲಿಲ್ಲ. ಹೀರೂ ಗಾಡಿ ತರಸ್ರಿ."

ಹೀರುವ ಗಾಡಿ ನಾಲ್ಕು ಸಲ ಬಂತು. ಚಪ್ಪಡಿ ಸರಿಸಿದ ದಿನ ಇಡೀ ಗಲ್ಲಿ ಕಿಟಕಿ ಮುಚ್ಚಿತು. ರಸ್ತೆಯ ಲೈನಿಗೆ ಸಂಪರ್ಕಕ್ಕೆ ಅರ್ಜಿ ಹಾಕಿದರು. ಹೊಸ ಪೈಪಿಗೆ ಇಳಿಜಾರು ಸಿಕ್ಕುವುದು ಮುನಿನಾರಾಯಣಪ್ಪ ಮಲಗುವ ಮುಂದಿನ ಕೋಣೆಯ ನಡುವಿನಿಂದಲೇ ಎಂದಾಯಿತು. ಅವನೇ ಮಂಚ ಎತ್ತಿಸಿ, ಹಳೆಯ ಕೆಂಪು ನೆಲ ಒಡೆಯಲು ಮೊದಲ ಏಟು ಹಾಕಿದ. ನಂತರ ದಿನಾ ಬೆಳಿಗ್ಗೆ ಬನಿಯನ್ನಿನಲ್ಲಿ ಕೂತು ಮಣ್ಣು ಬುಟ್ಟಿಗೆ ತುಂಬಿದ. ಬೇಡವೆಂದರೂ ಕೇಳಲಿಲ್ಲ.

ಎರಡನೆಯ ವಾರದ ಒಂದು ಮಧ್ಯಾಹ್ನ ಸುಕನ್ಯ ಅತ್ತೆಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸಿಪ್ಪೆಗಳು ಫ್ಯಾನಿನ ಗಾಳಿಗೆ ನೆಲದ ಮೇಲೆ ಹಗುರಾಗಿ ಅಲೆದಾಡುತ್ತಿದ್ದವು.

"ಅತ್ತೆ, ಅದನ್ನ ಮಾವ ಮಾಡ್ಸಿದ್ದು ನಂಗೋಸ್ಕರ."

ಮುನಿಗಂಗಮ್ಮ ಇನ್ನೊಂದು ಗೆಡ್ಡೆ ಬಿಡಿಸಿದಳು.

"ನೀವು ಊರಿಂದ ಬರೋ ಹೊತ್ಗೆ ಕಕ್ಕಸಿತ್ತು. ನಾನು ಖುಷಿಯಾಗಿ ಒಳಗೆ ಹೋಗಿ ಬಾಗ್ಲು ಹಾಕ್ಕೊಂಡು ಸುಮ್ನೆ ಹತ್ತು ನಿಮ್ಷ ಕೂತಿದ್ದೆ. ಯಾರೂ ನೋಡಲ್ಲ ಅಂತ. ಆದ್ರೆ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳ್ಲಿಲ್ಲ. ನೀವು ಕೇಳಿದ್ರಾ?"

"ಇಲ್ಲ."

"ನಿಮ್ಮಗ ಮೂರಂತಸ್ತು ಕಟ್ಸುವಾಗ ಕೇಳಿದ್ರಾ?"

ಮುನಿಗಂಗಮ್ಮ ಒಂದು ಬೆಳ್ಳುಳ್ಳಿ ಎಸಳನ್ನು ಬೆರಳಲ್ಲಿ ತಿರುಗಿಸಿದಳು. "ಮಾಡಿದ್ದು ತಪ್ಪಲ್ಲ ಕಣೆ," ಎಂದಳು. "ನಾನು ಬಗ್ಗಿ ನಮಸ್ಕಾರ ಮಾಡ್ತಿದ್ರೆ ನೋಡ್ಕೊಂಡು ಸುಮ್ನಿದ್ನಲ್ಲ. ಅದು ಹೋಗ್ತಿಲ್ಲ."

ಸುಕನ್ಯ ನೆಲದ ಮೇಲಿನ ಸಿಪ್ಪೆಗಳನ್ನು ಮೊರಕ್ಕೆ ಬಳಿದಳು.

ಮಾರನೆಯ ದಿನದಿಂದ ಮುನಿಗಂಗಮ್ಮ ಕೆಲಸದ ಜಾಗದಲ್ಲಿ ಸ್ಟೂಲು ಹಾಕಿ ಕೂತಳು. ಪ್ರತಿ ಪೈಪಿನ ಜೋಡಣೆಯನ್ನೂ ಬಗ್ಗಿ ನೋಡುವಳು. ಗೇಟಿನ ಒಳಗಿನ ಹೊಸ ಚೇಂಬರಿನಲ್ಲಿ ನೀರು ತಿರುಗಿ ರಸ್ತೆಯ ಲೈನಿಗೆ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೇ ಮುಚ್ಚಳ ಹಾಕಲು ಬಿಟ್ಟಳು. ಖಾಲಿಯಾದ ಬಾವಿಗೆ ಸುಣ್ಣ ಸುರಿದು ಮಣ್ಣು ತುಂಬಿದರು. ತುಂಬುವ ಮೊದಲು ಅವಳು ಅಂಚಿಗೆ ಹೋಗಿ ಒಳಗೆ ನೋಡಿದಳು.

ಗಂಗೆ ಪೂಜೆ ಕಡೆಗೂ ನಡೆದದ್ದು ಅಂಗಳದ ಕಾವೇರಿ ನೀರಿನ ನಲ್ಲಿಗೆ. ಶಾಮಿಯಾನವಿಲ್ಲ, ನೆಂಟರಿಲ್ಲ, ಸಾಬಿರಾ ಒಬ್ಬಳು ಮಗುವಿಗೆ ಹೊಲಿದ ಜಬಲ ಹಿಡಿದು ನಿಂತಿದ್ದಳು. ಧನುಶ್ರೀ ನಲ್ಲಿಯ ಕತ್ತಿಗೆ ಅರಿಸಿನ ದಾರ ಕಟ್ಟಿ, ಹೂವಿಟ್ಟು, ಬಿಂದಿಗೆ ತುಂಬಿಸಿದಳು. ಮುಂದಿನ ಕೋಣೆಯ ಹಸಿ ಸಿಮೆಂಟಿನ ಪಕ್ಕದಲ್ಲಿ ಮುನಿನಾರಾಯಣಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಪೂಜೆಯ ಜಾಗಕ್ಕೆ ಬರುವ ಯೋಗ್ಯತೆ ತನಗಿಲ್ಲ ಎಂದು ಅವನೇ ತೀರ್ಮಾನಿಸಿಕೊಂಡಿದ್ದ.

ಬಾಣಂತಿ ತಂದ ನೀರನ್ನು ಮೊದಲು ಮನೆಯ ಹಿರಿಯರ ಬೊಗಸೆಗೆ ಬಿಡುವುದು ಆ ಮನೆಯ ಪದ್ಧತಿ. ಧನುಶ್ರೀ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಹೊಸಿಲಲ್ಲಿ ನಿಂತು ಅಜ್ಜಿಯ ಮುಖ ನೋಡಿದಳು. ಮುನಿಗಂಗಮ್ಮ ಮುಂದಿನ ಕೋಣೆಯತ್ತ ಗಲ್ಲ ಎತ್ತಿ ತೋರಿಸಿ, ತಾನೂ ಹಿಂದೆ ಬಂದಳು.

"ತಾತ, ಕೈ ಒಡ್ಡು."

ಮುನಿನಾರಾಯಣಪ್ಪ ತಿರುಗಿ ನೋಡಿ ಬೊಗಸೆ ಒಡ್ಡಿದ. ನೀರು ಬಿತ್ತು. ಬೆರಳ ಸಂದಿಯಿಂದ ಸೋರತೊಡಗಿತು, ಅವನಿಗೆ ಬಾಯಿಗೆ ಎತ್ತಿಕೊಳ್ಳಲು ಆಗಲಿಲ್ಲ. ಅವನು ಹೆಂಡತಿಯ ಕಾಲುಗಳನ್ನು ನೋಡುತ್ತ ಹಾಗೇ ಕೂತ.

"ಕುಡಿಯಯ್ಯ," ಎಂದಳು ಮುನಿಗಂಗಮ್ಮ.

ಇಪ್ಪತ್ತೆರಡು ದಿನಗಳಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ಎಲ್ಲಿಂದ ಬಂತು ಅಂತಾನೂ ನೋಡಿದೀನಿ, ಎಲ್ಲಿಗೆ ಹೋಗುತ್ತೆ ಅಂತಾನೂ ನೋಡಿದೀನಿ. ಕುಡಿ."

ಅವನು ಕುಡಿದ. ಅರ್ಧ ಎದೆಯ ಮೇಲೆ ಚೆಲ್ಲಿತು. ಅವನು ಅಳುತ್ತಿದ್ದಾನೆಂದು ಧನುಶ್ರೀಗೆ ತಿಳಿಯಿತು, ಅವಳು ಬಿಂದಿಗೆ ತೆಗೆದುಕೊಂಡು ಅಡುಗೆಮನೆಗೆ ನಡೆದಳು. ಮುನಿಗಂಗಮ್ಮ ಸೆರಗಿನಿಂದ ಗಂಡನ ಎದೆಯ ಮೇಲಿನ ನೀರು ಒರೆಸಿದಳು, ಸ್ವಲ್ಪ ಒರಟಾಗಿಯೇ.

"ಏಳು. ಬಡಿಸಿದೀನಿ, ಮುದ್ದೆ ಆರೋಗುತ್ತೆ."